ಎಷ್ಟು ದಿನ ಮರೆತಿರ್ತೀ?

ಮಾರ್ಚ್ ತಿಂಗಳ ಗ್ಡಿನ್ಯಾ. ಮಾರುಕಟ್ಟೆಯ ಚಾವಣಿಯ ಕೆಳಗೆ
ಮೀನಿನಂಗಡಿಗೂ ಗುಂಡಿ-ದಾರದ ಅಂಗಡಿಗೂ ನಡುವೆ
ಹಾಲ್ಷ್ಕಾಳ ಬೀಜದ ಮೇಜು.
ಕಡಲಗಾಳಿಗೆ ಪೊಟ್ಟಣಗಳು ಹಾರದ ಹಾಗೆ
ಸಾಲಿಗೊಂದು ಆಲೂಗಡ್ಡೆ ಹೇರಿದ್ದಾಳೆ.

ನಾನು ಬೆರಳಿಟ್ಟದ್ದು ಕೋಣನಗುಂಡಿಗೆಯ ಮೇಲೆ.
ಆ ಟೊಮ್ಯಾಟೋದ ಹೆಸರೇ ಹಾಗೆ.
ಚಿತ್ರದಲ್ಲಿ ಅದು ಬೊಗಸೆ ತುಂಬುವಷ್ಟು,
ಸೀಳಿದರೆ ಮಾಂಸದಂಥ ಕೆಂಪು.
"ಇದು ಕೊಡಿ" ಅಂದೆ.
ಆಕೆ ಕೊಡಲಿಲ್ಲ. ಕನ್ನಡಕ ಹಣೆಗೇರಿಸಿ ಕೇಳಿದಳು:
"ವರ್ಷದಲ್ಲಿ ಎಷ್ಟು ದಿನ ಮರೆತಿರ್ತೀ?"

ನಾನು ಹಡಗಿನ ಅಡುಗೆಯವನು.
ಎರಡು ವಾರ ನೀರಿನ ಮೇಲೆ, ಎರಡು ವಾರ ನೆಲದ ಮೇಲೆ.
ಕಾರ್ಲ್ಸ್‌ಕ್ರೂನಾಕ್ಕೆ ಹೋಗು, ಬಾ, ಮತ್ತೆ ಹೋಗು.
ಮುನ್ನೂರು ಜನಕ್ಕೆ ಸೂಪು ಕಲಕಿದ ಕೈ,
ಒಂದು ಗಿಡಕ್ಕೆ ನೀರೆರೆದದ್ದಿಲ್ಲ.
ರೈಲು ಹಳಿಯ ಪಕ್ಕದ ತೋಟದ ತುಂಡುಗಳಲ್ಲಿ
ಹದಿನೇಳನೇ ನಂಬರು ನನ್ನ ಪಾಲಿಗೆ ಬಂದಿತ್ತು:
ಮುರುಕು ಶೆಡ್ಡು, ಮುಳ್ಳಿನ ಒಂದು ಪೊದೆ,
ಹಿಂದಿನವನು ಬಿಟ್ಟುಹೋದ ಒಂಟಿ ಬೂಟು.

"ಅರ್ಧ ವರ್ಷ" ಅಂದೆ. ಸುಳ್ಳು ಹೇಳಿ ಏನು ಬಂತು.

"ಹಾಗಾದ್ರೆ ಕೋಣನಗುಂಡಿಗೆ ನಿನಗಲ್ಲ.
ಆಳೆತ್ತರ ಏರುತ್ತೆ, ಬೆನ್ನೆಲುಬು ಮಾತ್ರ ಇಲ್ಲ.
ಕೋಲು ನೆಡು, ದಾರ ಬಿಗಿ,
ಕಂಕುಳಲ್ಲಿ ಒಡೆಯುವ ಕುಡಿ ಚಿವುಟುತ್ತಲೇ ಇರು.
ಎರಡು ವಾರ ಬೆನ್ನು ತಿರುಗಿಸಿದೆಯೋ, ಕಾಡು.
ಇವತ್ತು ನೀರು ತಪ್ಪಿ ನಾಳೆ ಹೆಚ್ಚಾಯಿತೋ,
ಮೈಯೆಲ್ಲ ಬಿರುಕು.
ಅದು ಗಿಡವಲ್ಲಪ್ಪ, ಮನೆಗೆ ಬಂದ ಬೀಗರು.

ಇದು ತಗೋ, ಬೇಟಾಲುಕ್ಸ್. ಮೊಣಕಾಲೆತ್ತರ ಬಂದು
ತಾನಾಗಿ ನಿಲ್ಲುತ್ತೆ.
ಎಲ್ಲಿ ನಿಲ್ಲಬೇಕೂಂತ ಗೊತ್ತಿರೋ ಗಂಡಸರೇ ಕಮ್ಮಿ.
ಚಿವುಟಬೇಡ. ಚಿವುಟಿದರೆ ನಿನ್ನ ಹಣ್ಣೇ ಹೋಯಿತು.
ಆಗಸ್ಟಿನ ಮಳೆ ಅಂಗಮಾರಿ ಹೊತ್ತು ಬರುವಷ್ಟರಲ್ಲಿ
ಇದರ ಬಾಣಂತನ ಮುಗಿದಿರುತ್ತೆ.
ಇದು ಮಾಸ್ಕೋಟ್ಕಾ, ಗೋಲಿಯಷ್ಟು ಹಣ್ಣು,
ತಳಕ್ಕೆ ತೂತು ಹೊಡೆದ ಬಕೆಟ್ಟಿನಲ್ಲೂ ಸಂಸಾರ ಹೂಡುತ್ತೆ.
ಬುಡಕ್ಕೆ ಒಣಹುಲ್ಲು ದಪ್ಪಗೆ ಹೊದಿಸು.
ಹಡಗು ಹತ್ತುವ ಮುಂಜಾನೆ ಬೇರಿಗೆ ಹೊಟ್ಟೆ ತುಂಬ ಕುಡಿಸು,
ಎಲೆಗೆ ಸ್ನಾನ ಬೇಡ.
ಮತ್ತೆ, ಮೇ ಹದಿನೈದು, ತಣ್ಣನೆ ಜೋಶ್ಕಾಳ ಹಬ್ಬ ದಾಟದೆ
ಸಸಿ ಹೊರಗಿಡಬೇಡ. ಆ ಸಂತಳಿಗೆ
ಎಳೆ ಎಲೆ ಕಂಡರೆ ಆಗುವುದಿಲ್ಲ."

ಎರಡು ಪೊಟ್ಟಣ, ಒಂಬತ್ತು ಜ್ಲೋಟಿ.
ದೊಡ್ಡ ಪುಸ್ತಕ ಕೇಳಲು ಹೋದವನ ಕೈಗೆ
ಅಕ್ಷರಮಾಲೆ ತುರುಕಿ ಕಳಿಸಿದ ಹಾಗೆ
ಮೋರೆ ಸಣ್ಣದು ಮಾಡಿಕೊಂಡು ಟ್ರಾಲಿಬಸ್ಸು ಹತ್ತಿದೆ.

ಜುಲೈ ಕೊನೆ. ಹಡಗಿಳಿದವನು ಮನೆಗೆ ಹೋಗದೆ
ನೇರ ಹದಿನೇಳಕ್ಕೆ ಹೋದೆ.
ಏನೂ ಸತ್ತಿರಲಿಲ್ಲ.
(ಬೂಟಿನಲ್ಲಿ ನೆಟ್ಟದ್ದೊಂದು ಒಣಗಿತ್ತು. ಅದು ನನ್ನ ತಲೆಹರಟೆ,
ಹಾಲ್ಷ್ಕಾಗೆ ಇನ್ನೂ ಹೇಳಿಲ್ಲ.)
ಒಂದು ಗಿಡ ಭಾರಕ್ಕೆ ಪೂರಾ ಮಲಗಿತ್ತು,
ರಾತ್ರಿ ಪಾಳಿ ಮುಗಿಸಿ ಬೂಟು ಬಿಚ್ಚದೆ ಒರಗುವ
ನಮ್ಮ ಎಂಜಿನ್ ಕೋಣೆಯ ಗ್ಜೆಗೋಶ್ ಹಾಗೆ,
ಮಲಗಿದಲ್ಲೇ ಕೆಂಪಾಗುತ್ತಿತ್ತು.
ಜೇಬಿನಲ್ಲಿ ಹಡಗಿನ ಉಪ್ಪಿನ ಪೊಟ್ಟಣವಿತ್ತು.
ನಿಂತಲ್ಲೇ ಒಂಬತ್ತು ತಿಂದೆ.
ಸಿಪ್ಪೆ ದಪ್ಪ. ಹುಳಿ ಒಂಚೂರು ಮುಂದೆ.
ಹತ್ತನೆಯದನ್ನೂ ತಿಂದೆ.

ಒಂದು ಡಬ್ಬಿ ತುಂಬಿಕೊಂಡು ಮಾರುಕಟ್ಟೆಗೆ ಹೋದೆ.
ಹಾಲ್ಷ್ಕಾ ಒಂದನ್ನೆತ್ತಿ, ಒತ್ತಿ, ಮೂಸಿ,
"ಸೂಪಿಗೆ ಸಾಕು" ಅಂದಳು.
ಆಗ ಕಂಡಿತು ಆಕೆಯ ಹೆಬ್ಬೆರಳು, ತೋರುಬೆರಳು:
ಉಗುರಿನ ಸಂದಿಗೆ ಹಸಿರು ಕಪ್ಪಾಗಿ ಕೂತಿದೆ,
ಸೋಪಿಗೆ ಜಗ್ಗದ, ದಿನವೂ ಕುಡಿ ಚಿವುಟುವವರಿಗೆ
ಮಾತ್ರ ಹತ್ತುವ ಕರೆ.
ಹಿಂದಿನ ಕುರ್ಚಿಯಲ್ಲಿ ಹಳೆ ಪೇಪರು ಮುಚ್ಚಿದ ಬುಟ್ಟಿ,
ಪೇಪರಿನಡಿ ಬೊಗಸೆಯಷ್ಟು ಉಬ್ಬು.

"ನೀವು ಎಷ್ಟು ದಿನ ಮರೆತಿರ್ತೀರಿ?" ಎಂದೆ.

ಜಾರಿದ ಆಲೂಗಡ್ಡೆಯನ್ನು ಸಾಲಿನ ಮೇಲೆ ಮತ್ತೆ ಹೇರಿದಳು.
"ಮೂಲಂಗಿ ಬಿತ್ತು" ಅಂದಳು, "ಇನ್ನೂ ಹೊತ್ತಿದೆ."